ಲಿಜ್ಜಿಯ ಹಳೆಯ ದಿನಗಳು: 1923ರ ಮಾಡೆಲ್ ಟಿ ಚಿತ್ರದಲ್ಲಿ ಎಡವುತ್ತಿರುವುದು ಎಲ್ಲಿ?

ಗೆರೆಗಾರ್ತಿ

ಕಾರುಗಳೇ ಪಾತ್ರಗಳಾದ 2006ರ ‘ಕಾರ್ಸ್’ ಸಿನಿಮಾದಲ್ಲಿ ರೇಡಿಯೇಟರ್ ಸ್ಪ್ರಿಂಗ್ಸ್ ಊರಿನ ಅಜ್ಜಿ ಲಿಜ್ಜಿ ಇದ್ದಾಳಲ್ಲ, 1923ರ ಫೋರ್ಡ್ ಮಾಡೆಲ್ ಟಿ ಕಾರು, ಪ್ರವಾಸಿಗರಿಗೆ ಸಣ್ಣಪುಟ್ಟ ನೆನಪಿನ ವಸ್ತು ಮಾರುವ ಅಂಗಡಿಯವಳು, ಅರ್ಧ ಮಾತಿಗೇ ಹಿಂದಿನದ್ದು ಮರೆಯುವವಳು. ತೆರೆಯ ಮೇಲೆ ಬರುವುದು ಕೆಲವೇ ನಿಮಿಷ. ಅವಳ ಹಿಂದಿನ ಬದುಕನ್ನು ನಾಲ್ಕು ಚಿತ್ರಗಳಲ್ಲಿ ಕಲ್ಪಿಸುತ್ತಿದ್ದೇನೆ: ಕಾರ್ಖಾನೆಯಲ್ಲಿ ಹುಟ್ಟು, ಮರುಭೂಮಿಯ ರಸ್ತೆ, ಸ್ಟ್ಯಾನ್ಲಿ ಜೊತೆ ಮದುವೆ, ಅಂಗಡಿ ತೆರೆದ ದಿನ. ಎ3 ಅಳತೆ, 300 ಡಿಪಿಐ, ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ.

ಕರಡಿನಲ್ಲಿ ಕಾಣುತ್ತಿರುವ ತೊಂದರೆಗಳು:

ಕಾರು ಆಟಿಕೆಯ ಹಾಗಿದೆ. ಎರಡು ಚಕ್ರಗಳ ನಡುವಿನ ಅಂತರ ಸುಮಾರು ಎರಡೂವರೆ ಚಕ್ರದಷ್ಟು ಬಂದಿದೆ.

ಎಳೆಯ ವಯಸ್ಸು ತೋರಿಸಲು ಮೈ ಗಿಡ್ಡ ಮಾಡಿ ಕಣ್ಣು ದೊಡ್ಡದು ಮಾಡಿದರೆ ಲಿಜ್ಜಿ ಲಿಜ್ಜಿಯಾಗಿಯೇ ಉಳಿಯುತ್ತಿಲ್ಲ.

ಕಪ್ಪು ಹಾಕಿದರೆ ಕಾಗದದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅದಕ್ಕೇ ಮೊದಲ ಚಿತ್ರದಲ್ಲಿ ಕೆಂಪು ಮೈ, ಹಿತ್ತಾಳೆ ರೇಡಿಯೇಟರ್ ಕೊಟ್ಟಿದ್ದೇನೆ. ಇದು ನಡೆಯುತ್ತದೆಯೇ?

ತಗಡು_ರಿಪೇರಿ

ನಡೆಯುವುದಿಲ್ಲ. 1914ರಿಂದ 1925ರವರೆಗೆ ಮಾಡೆಲ್ ಟಿ ಕಾರ್ಖಾನೆಯಿಂದ ಹೊರಬಿದ್ದದ್ದು ಕಪ್ಪಿನಲ್ಲಿ ಮಾತ್ರ. ಹಿತ್ತಾಳೆ ರೇಡಿಯೇಟರ್ 1916ಕ್ಕೇ ಮುಗಿಯಿತು, 1917ರಿಂದ ಕಪ್ಪು ಬಳಿದ ಉಕ್ಕಿನ ಕವಚ. ತಂತಿಕಡ್ಡಿಯ ಚಕ್ರ ಬಂದದ್ದು 1926ರ ಹೊತ್ತಿಗೆ. ಲಿಜ್ಜಿ 1923ರವಳು, ಹಾಗಾಗಿ ಕಪ್ಪು ಕವಚ, ಮರದ ಕಡ್ಡಿಯ ಚಕ್ರ. ಒಂದು ಚಕ್ರಕ್ಕೆ 12 ಕಡ್ಡಿ, ಅಂದರೆ 30 ಡಿಗ್ರಿಗೊಂದು. ಹತ್ತೋ ಹದಿನಾಲ್ಕೋ ಬರೆದರೆ ಕಾರು ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಆಟಿಕೆಯ ಹಾಗೆ ಕಾಣಲು ಎರಡು ಕಾರಣ. ಒಂದನ್ನು ನೀವೇ ಹೇಳಿದ್ದೀರಿ. ಮಾಡೆಲ್ ಟಿಯ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ 100 ಇಂಚು, ಟೈರಿನ ಹೊರವ್ಯಾಸ 30 ಇಂಚು. ಒಂದು ಚಕ್ರ ಬರೆದುಕೊಂಡು ಅದನ್ನೇ ಅಳತೆಗೋಲು ಮಾಡಿ, ಆಕ್ಸಲ್‌ನಿಂದ ಆಕ್ಸಲ್‌ಗೆ ಮೂರೂ ಕಾಲಿಗಿಂತ ತುಸು ಹೆಚ್ಚು ಚಕ್ರ. ಎದುರಿನಿಂದ ನೋಡಿದರೆ ಎಡಬಲ ಚಕ್ರಗಳ ನಡುವೆ 56 ಇಂಚು, ಎರಡು ಚಕ್ರಕ್ಕಿಂತ ತುಸು ಕಡಿಮೆ. ಎರಡನೇ ಕಾರಣ ಟೈರಿನ ದಪ್ಪ. ಅದು 3½ ಇಂಚು, ವ್ಯಾಸದ ಎಂಟನೇ ಒಂದು ಭಾಗವೂ ಆಗಲಿಕ್ಕಿಲ್ಲ. ನೀವು ಈಗಿನ ಕಾರಿನ ದಪ್ಪ ಕೊಟ್ಟಿದ್ದೀರಿ. ಸಿನಿಮಾದ ಶೈಲಿಗೆ ಉಬ್ಬಿಸಲೇಬೇಕು ಅಂದರೆ ಫೆಂಡರ್ (ಚಕ್ರದ ಮೇಲಿನ ತಗಡು) ಉಬ್ಬಿಸಿ, ರೇಡಿಯೇಟರ್ ಅಗಲಿಸಿ, ಚಕ್ರ ಮಾತ್ರ ತೆಳ್ಳಗೇ ಇರಲಿ. ಸಣ್ಣ ಕಾಲಿನ ಮುದುಕಿ ಅನ್ನುವ ಭಾವ ಬರುವುದೇ ಅದರಿಂದ. ಮುಂದಿನ ಚಕ್ರಗಳು ನೆಟ್ಟಗೆ ನಿಲ್ಲುವುದಿಲ್ಲ, ಮೇಲ್ಭಾಗ ಸ್ವಲ್ಪ ಹೊರಕ್ಕೆ ವಾಲಿರುತ್ತದೆ. ಇದನ್ನೂ ಬಿಡಬೇಡಿ.

ಮುಂಭಾಗದಲ್ಲಿ ಕಾರ್ಖಾನೆಯ ಬಂಪರ್ ಇಲ್ಲ, ಮುಂದಿನ ಚಕ್ರಕ್ಕೆ ಬ್ರೇಕ್ ಡ್ರಮ್ಮೂ ಇಲ್ಲ. ರೇಡಿಯೇಟರ್ ಕೆಳಗೆ ಸ್ಟಾರ್ಟಿಂಗ್ ಹ್ಯಾಂಡಲ್ ನೇತಾಡುತ್ತದೆ. ಬಾಯಿಯನ್ನು ಅದಕ್ಕಿಂತ ಮೇಲೆ, ರೇಡಿಯೇಟರಿನ ಕೆಳತುದಿಯಲ್ಲಿ ಇಡಿ. ಕೆಳಗಿಟ್ಟರೆ ಹ್ಯಾಂಡಲ್ ಬುಲಾಕಿನ ಹಾಗೆ ತೂಗುತ್ತದೆ. (ಮದುವೆಯ ಚಿತ್ರದಲ್ಲಿ ಬೇಕಂತಲೇ ಹಾಗೆ ಮಾಡಿದರೆ ನನ್ನ ತಕರಾರಿಲ್ಲ.)

ಇನ್ನೊಂದು. ಕರಡಿನಲ್ಲಿ ಸ್ಟಿಯರಿಂಗ್ ಬಲಗಡೆ ಇದೆ. ಭಾರತದಲ್ಲಿ ತೆಗೆದ ಫೋಟೋ ನೋಡಿ ಬರೆದಿರಬೇಕು. ಆಗ ಇಲ್ಲಿಗೆ ಫೋರ್ಡ್ ಬರುತ್ತಿದ್ದದ್ದು ಕೆನಡಾದ ಕಾರ್ಖಾನೆಯಿಂದ, ಬಲಗಡೆ ಸ್ಟಿಯರಿಂಗ್ ಇಟ್ಟುಕೊಂಡು. ಲಿಜ್ಜಿ ಅಮೆರಿಕದವಳು, ಎಡಗಡೆ ಬೇಕು.

ಅರವತ್ತಾರು

ಅಳತೆಗಿಂತ ಮೊದಲು ಕಥೆಯನ್ನು ಸರಿಮಾಡಿಕೊಳ್ಳಿ. ನಾಲ್ಕರಲ್ಲಿ ಮೂರನೆಯದನ್ನು ಬಿಡುವುದು ಒಳ್ಳೆಯದು. 2012ರ ‘ಟೈಮ್ ಟ್ರಾವೆಲ್ ಮೇಟರ್’ ಕಿರುಚಿತ್ರದಲ್ಲಿ ಸ್ಟ್ಯಾನ್ಲಿ ಊರು ಕಟ್ಟಿದ್ದನ್ನೂ ಲಿಜ್ಜಿಯನ್ನು ಮದುವೆಯಾದದ್ದನ್ನೂ ಆಗಲೇ ತೋರಿಸಿದ್ದಾರೆ. ಅದನ್ನೇ ಮತ್ತೆ ಬರೆದರೆ ನಕಲು, ಬೇರೆ ಥರ ಬರೆದರೆ ನೋಡುವವರು ಚಿತ್ರ ಬಿಟ್ಟು ವಾದಕ್ಕೆ ಇಳಿಯುತ್ತಾರೆ. ಸಣ್ಣ ಪಾತ್ರದ ಸುಖವೇ ಖಾಲಿ ಬಿಟ್ಟ ವರ್ಷಗಳು. ಲಿಜ್ಜಿಯ ಮಟ್ಟಿಗೆ ಖಾಲಿ ಇರುವುದು ಮದುವೆಯ ನಂತರದ ಕಾಲ.

ಆ ಕಾಲಕ್ಕೆ ನಿಜವಾದ ರಸ್ತೆಯ ಇಸವಿಗಳನ್ನು ಗೂಟದ ಹಾಗೆ ನೆಟ್ಟುಕೊಳ್ಳಿ. ರೂಟ್ 66 ಅಧಿಕೃತವಾಗಿ ಹುಟ್ಟಿದ್ದು 1926ರ ನವೆಂಬರ್ 11ರಂದು. ಪೂರ್ತಿ ಡಾಂಬರು, ಕಾಂಕ್ರೀಟು ಕಂಡದ್ದು 1938ಕ್ಕೆ. ಅಂದರೆ ಲಿಜ್ಜಿಯ ಅಂಗಡಿ ಮುಂದಿನ ರಸ್ತೆಯನ್ನು 1920ರ ದಶಕದ ಚಿತ್ರದಲ್ಲಿ ನುಣ್ಣಗೆ ಕಪ್ಪಗೆ ಬರೆದು ನಡುವೆ ಪಟ್ಟೆ ಎಳೆದರೆ ತಪ್ಪು. ಮಣ್ಣು, ಜಲ್ಲಿ, ಗಾಲಿ ಹೂತ ಎರಡು ಜಾಡು ಸಾಕು. 1930ರ ದಶಕದಲ್ಲಿ ಒಕ್ಲಹೋಮ ಕಡೆಯಿಂದ ಬೆಳೆ ಹೋದ ರೈತರು ಇದೇ ರಸ್ತೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದರು, ಹಾಸಿಗೆ, ಪಾತ್ರೆ, ಕುರ್ಚಿ ಎಲ್ಲ ಹೇರಿಕೊಂಡ ಹಳೆಯ ಫೋರ್ಡುಗಳಲ್ಲಿ. ಲಿಜ್ಜಿಯ ಅಂಗಡಿ ಮುಂದೆ ಅವಳದೇ ವಯಸ್ಸಿನ, ಅವಳದೇ ಮುಖದ ಕಾರುಗಳು ಹೇರು ಹೊತ್ತು ಸಾಲಾಗಿ ಹೋಗುವ ಚಿತ್ರ ಬರೆಯಿರಿ, ಮಾತೇ ಬೇಡ. 1942ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಜನಬಳಕೆಯ ಕಾರು ತಯಾರಿ ನಿಂತಿತು, ಟೈರಿಗೂ ಪೆಟ್ರೋಲಿಗೂ ರೇಷನ್ ಬಂತು. ಆ ವರ್ಷದ ಚಿತ್ರದಲ್ಲಿ ತೇಪೆ ಹಾಕಿದ ಟೈರು, ಗಿರಾಕಿಯಿಲ್ಲದ ಅಂಗಡಿ. ಆಮೇಲೆ ಅಂತರರಾಜ್ಯ ಹೆದ್ದಾರಿ. ಅರಿಜೋನಾದ ಸೆಲಿಗ್ಮನ್ ಊರನ್ನು 1978ರ ಸೆಪ್ಟೆಂಬರ್ 22ರಂದು ಐ-40 ಬಳಸಿಕೊಂಡು ಹೋಯಿತು, 1985ರಲ್ಲಿ ರೂಟ್ 66 ಎಂಬ ಸಂಖ್ಯೆಯನ್ನೇ ರದ್ದು ಮಾಡಿದರು.

ಅಂಗಡಿಯ ಬೋರ್ಡಿಗೆ ಮಾದರಿ ಬೇಕಾದರೆ ಅರಿಜೋನಾದ ಜೋಸೆಫ್ ಸಿಟಿ ಬಳಿಯ ಜಾಕ್ ರ‍್ಯಾಬಿಟ್ ಟ್ರೇಡಿಂಗ್ ಪೋಸ್ಟ್ ನೋಡಿ. ಹಳದಿ ಹಲಗೆ, ಕಪ್ಪು ಮೊಲ, ‘ಹಿಯರ್ ಇಟ್ ಈಸ್’ ಅಂತ ದಪ್ಪ ಅಕ್ಷರ. ಆದರೆ ಅದು ಶುರುವಾದದ್ದು 1949ರಲ್ಲಿ. 1920ರ ದಶಕದ ಚಿತ್ರದಲ್ಲಿ ಆ ಥರದ ದೊಡ್ಡ ಹಲಗೆ ಬೇಡ, ಕೈಬರಹದ ಸಣ್ಣ ಬೋರ್ಡು ಸಾಕು.

ತಗಡು_ರಿಪೇರಿ

ಎರಡನೇ ಚಿತ್ರಕ್ಕೆ ಒಂದು ಮಾತು, ಮೇಲಿನದನ್ನು ಓದಿದಾಗ ಹೊಳೆದದ್ದು. ಮಾಡೆಲ್ ಟಿಗೆ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಹರಿಯಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ, ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಅದಕ್ಕೆ ಜನ ಕಾರು ತಿರುಗಿಸಿ ರಿವರ್ಸ್‌ನಲ್ಲಿ ಘಾಟಿ ಹತ್ತಿಸುತ್ತಿದ್ದರು. ರಿವರ್ಸ್ ಗೇರಿನ ಎಳೆತವೂ ಹೆಚ್ಚು, ಲೋ ಗೇರ್ 2.75ಕ್ಕೆ 1 ಆದರೆ ರಿವರ್ಸ್ 4ಕ್ಕೆ 1. ಅರಿಜೋನಾದ ಓಟ್‌ಮನ್ ಬಳಿಯ ಸಿಟ್‌ಗ್ರೀವ್ಸ್ ಘಾಟಿ ಇದಕ್ಕೆ ಹೆಸರುವಾಸಿ.

ಹಾಗಾಗಿ ಲಿಜ್ಜಿ ಹಿಮ್ಮುಖವಾಗಿ ಘಾಟಿ ಹತ್ತಲಿ. ಮುಖ ಬಿಟ್ಟು ಬಂದ ಬಯಲಿನ ಕಡೆ, ಬೆನ್ನು ಮುಂದಿನ ಊರಿನ ಕಡೆ. ಮೂತಿ ಇಳಿಜಾರಿಗಿರುವುದರಿಂದ ಮೈಯ ಭಾರ ಮುಂದಿನ ಸ್ಪ್ರಿಂಗ್ ಕಡೆ ವಾಲಬೇಕು. ಹಿಂದಿನ ಚಕ್ರ ಜಲ್ಲಿ ಎರಚುವುದು ಇಳಿಜಾರಿನ ಕಡೆಗೆ, ಅಂದರೆ ಅವಳ ಮುಖದ ದಿಕ್ಕಿಗೆ. ಇದನ್ನು ತಪ್ಪಿ ಎದುರು ದಿಕ್ಕಿಗೆ ಬರೆದರೆ ಅವಳು ಹತ್ತುವ ಬದಲು ಇಳಿಯುತ್ತಿದ್ದಾಳೆ ಅನ್ನಿಸುತ್ತದೆ.

ನೆರಳುಬೆಳಕು

ಕಪ್ಪಿನ ವಿಷಯ. ಆ ಕಾಲದ ಫೋರ್ಡ್ ಕಪ್ಪು ಡಾಂಬರಿನಂಥ ಅಸ್ಫಾಲ್ಟ್ ಬೆರೆಸಿದ ಎನಾಮಲ್, ಒಲೆಯಲ್ಲಿ ಕಾಯಿಸಿ ಒಣಗಿಸಿದ್ದು. ಹೊಸತರಲ್ಲಿ ಚೆನ್ನಾಗಿ ಹೊಳೆಯುತ್ತದೆ. ಹೊಳೆಯುವ ಕಪ್ಪು ವಸ್ತುವಿಗೆ ಸ್ವಂತ ಬಣ್ಣವೇ ಇಲ್ಲ ಅಂದುಕೊಳ್ಳಿ, ಸುತ್ತಲಿನದ್ದನ್ನೇ ಬರೆಯಬೇಕು. ಮೂಲ ಪದರಕ್ಕೆ ಸೊನ್ನೆ ಕಪ್ಪು ಬೇಡ, 12ರಿಂದ 18 ಶೇಕಡ ಬೆಳಕಿನ, ತುಸು ಕಂದು ಛಾಯೆಯ ಕಪ್ಪು ಹಾಕಿ. ಆಕಾಶ ನೋಡುವ ಮೇಲ್ಮೈಗಳಿಗೆ, ಅಂದರೆ ಬಾನೆಟ್ ಮೇಲ್ಭಾಗ, ಫೆಂಡರ್ ಬೆನ್ನು, ಇವಕ್ಕೆ 35–45ರ ನೀಲಿಬೂದಿ. ಬದಿಗಳಿಗೆ ಕೆಳಗಿನ ನೆಲದ ಬಣ್ಣ, ಮರುಭೂಮಿಯಾದರೆ ಮಣ್ಣಿನ ಕೆಂಗಂದು. ಅಪ್ಪಟ ಕಪ್ಪು ಫೆಂಡರ್ ಒಳಗೆ, ಕಾರಿನ ಅಡಿಗೆ ಮಾತ್ರ. ಲಿಜ್ಜಿಯಂಥ ಕೂಪೆಯ, ಅಂದರೆ ಎರಡು ಬಾಗಿಲಿನ ಮುಚ್ಚಿದ ಕಾರಿನ, ಚಾವಣಿಗೆ ಬಟ್ಟೆಯಂಥ ಹೊದಿಕೆ, ಅಲ್ಲಿ ಚೂಪಾದ ಹೊಳಪು ಕೊಡಬೇಡಿ. ಹೊಳೆಯುವ ತಗಡು, ಮಂಕು ಚಾವಣಿ, ಒಣ ಮರ ಮೂರೂ ಪಕ್ಕಪಕ್ಕ ಬಂದರೆ ತೂತಿನ ಸಮಸ್ಯೆ ತಾನೇ ಹೋಗುತ್ತದೆ. ಕಾಗದದ ಮೇಲಾದರೆ ಟ್ಯೂಬಿನ ಕಪ್ಪು ಬಿಟ್ಟು ಅಲ್ಟ್ರಾಮರೀನ್, ಬರ್ನ್ಟ್ ಅಂಬರ್ ಸಮಸಮ ಬೆರೆಸಿ.

ಧೂಳಿಗೆ ಬೇರೆ ಪದರ, ನಾರ್ಮಲ್ ಮೋಡ್, ಮಣ್ಣಿನ ಬಣ್ಣ, 15–20 ಶೇಕಡ. ಕೆಳಗಿನಿಂದ ಮೇಲಕ್ಕೆ ಎಳೆದು ಮೈಯ ಮೂರನೇ ಒಂದು ಭಾಗಕ್ಕೆ ನಿಲ್ಲಿಸಿ. ಕೆಳಗಿನ ಬಣ್ಣವನ್ನು ಇನ್ನೂ ಗಾಢ ಮಾಡುವ ಮಲ್ಟಿಪ್ಲೈ ಮೋಡ್ ಕೊಟ್ಟರೆ ಧೂಳು ಕಪ್ಪಿನ ಮೇಲೆ ಕಾಣುವುದೇ ಇಲ್ಲ, ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಚಕ್ರಕ್ಕೆ: ಓರೆಯಾಗಿ ಕಾಣುವ ಚಕ್ರ ಅಂಡಾಕಾರ. ಅದರ ಗಿಡ್ಡ ಅಕ್ಷ ಆಕ್ಸಲ್ ಗೆರೆಯ ಮೇಲೇ ಬೀಳಬೇಕು. ನಿಮ್ಮ ಎಡ ಹಿಂಚಕ್ರದಲ್ಲಿ ಅದು ನೇರ ಲಂಬಕ್ಕೆ ಅಂಟಿಕೊಂಡಿದೆ, ಅದಕ್ಕೇ ಚಕ್ರ ಕಳಚಿ ಬೀಳುವ ಹಾಗಿದೆ.

ಗೆರೆಗಾರ್ತಿ

ಘಾಟಿಯ ಚಿತ್ರ ಖಂಡಿತ ತೆಗೆದುಕೊಳ್ಳುತ್ತೇನೆ, ಮದುವೆ ಕೈಬಿಟ್ಟೆ. ಅಲ್ಲಿಗೆ ಗುಳೆಯ ಸಾಲು. ಉಳಿದದ್ದು ವಯಸ್ಸಿನ ಪ್ರಶ್ನೆ. ಕಾರ್ಖಾನೆಯಲ್ಲಿ ಅವಳೂ ಪಕ್ಕದ ಕಾರುಗಳೂ ಒಂದೇ ಥರ ಇರುತ್ತವಲ್ಲ, ಮಗು ಅನ್ನುವುದನ್ನೂ ಲಿಜ್ಜಿ ಅನ್ನುವುದನ್ನೂ ಒಟ್ಟಿಗೆ ಹೇಗೆ ತೋರಿಸಲಿ? ಕಣ್ಣು ಹೆಡ್‌ಲೈಟಿಗೆ ಇಟ್ಟರೆ?

ತಗಡು_ರಿಪೇರಿ

ಮಗುವೇ ಬೇಡ. ಕಾರು ಸಾಲಿನಿಂದ ಇಳಿಯುವುದೇ ಪೂರ್ತಿ ಅಳತೆಯಲ್ಲಿ. 1923ರಲ್ಲಿ ಸುಮಾರು 20 ಲಕ್ಷ ಮಾಡೆಲ್ ಟಿ ತಯಾರಾದವು, ಎಲ್ಲವೂ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲೇ ಅಲ್ಲ, ಲಾಸ್ ಏಂಜಲಿಸ್‌ನಂಥ ಊರುಗಳ ಜೋಡಣೆ ಶಾಖೆಗಳಲ್ಲೂ. ಒಂದೇ ಥರ ಇರುವುದೇ ಆ ಚಿತ್ರದ ಗುಟ್ಟು. ಹನ್ನೆರಡು ಕಾರು ಸಾಲಾಗಿ ಬರೆದು, ಹನ್ನೊಂದರ ಕಣ್ಣು ಮುಂದಿನ ಬಾಗಿಲ ಕಡೆ, ಒಬ್ಬಳದ್ದು ಮಾತ್ರ ಪಕ್ಕದ ಕಿಟಕಿಯ ಕಡೆ ಇರಲಿ. ಅವಳೇ ಲಿಜ್ಜಿ.

ವಯಸ್ಸನ್ನು ತಗಡು, ಮರ, ಸ್ಪ್ರಿಂಗುಗಳಲ್ಲಿ ತೋರಿಸಿ. ಮಾಡೆಲ್ ಟಿಗೆ ಮುಂದೊಂದು ಹಿಂದೊಂದು ಅಡ್ಡ ಪಟ್ಟಿ ಸ್ಪ್ರಿಂಗ್ ಅಷ್ಟೇ. ಹೊಸತರಲ್ಲಿ ಬಿಲ್ಲಿನಂತೆ ಬಾಗಿ ಮೈ ಎತ್ತರಕ್ಕೆ ನಿಲ್ಲುತ್ತದೆ, ಟೈರಿಗೂ ಫೆಂಡರಿಗೂ ನಡುವೆ ಒಳ್ಳೆಯ ಖಾಲಿ ಜಾಗ. ವಯಸ್ಸಾದಂತೆ ಸ್ಪ್ರಿಂಗ್ ಚಪ್ಪಟೆಯಾಗಿ ಮೈ ಕುಸಿದು ಒಂದು ಬದಿಗೆ ವಾಲುತ್ತದೆ. ಒಂದರಿಂದ ಎರಡು ಇಂಚಿನ ವ್ಯತ್ಯಾಸ ಸಾಕು, ಹೆಚ್ಚಾದರೆ ಪಂಕ್ಚರ್ ಅನ್ನಿಸುತ್ತದೆ. ಕೂಪೆಯ ಮೈ ಮರದ ಚೌಕಟ್ಟಿಗೆ ತಗಡು ಹೊಡೆದದ್ದು. ಮರ ಸಡಿಲಾದರೆ ಬಾಗಿಲು ಜೋತುಬೀಳುತ್ತದೆ, ಚಿಲಕದ ಕಡೆ ಮೇಲಿನ ಸಂದು ಅಗಲ, ಕೆಳಗಿನದು ಕಿರಿದು. ಮರುಭೂಮಿಯ ಒಣಗಾಳಿಗೆ ಮರದ ಕಡ್ಡಿಗಳು ಕುಗ್ಗಿ ಸಡಿಲಾಗಿ ಕಿರುಗುಟ್ಟುತ್ತವೆ, ಜನ ಚಕ್ರವನ್ನು ನೀರಿನಲ್ಲಿ ನೆನೆಸಿಡುತ್ತಿದ್ದರು. ಅಂಗಡಿ ಹಿಂದೆ ನೀರಿನ ತೊಟ್ಟಿಯಲ್ಲಿ ಒಂದು ಚಕ್ರ ಇಳಿಬಿಟ್ಟು ಕೂತ ಲಿಜ್ಜಿ, ನೀರಿನ ಬುಗ್ಗೆಯಿಂದ ಹುಟ್ಟಿದ ಊರಿಗೆ ಇದಕ್ಕಿಂತ ಸಹಜವಾದ ಹಿನ್ನೆಲೆ ನನಗೆ ತೋಚುತ್ತಿಲ್ಲ.

ತುಕ್ಕು ನೀರು ನಿಲ್ಲುವ ಕಡೆ ಮಾತ್ರ: ಬಾಗಿಲ ಕೆಳಅಂಚು, ಫೆಂಡರಿನ ಬೆಸುಗೆ, ಬೋಲ್ಟಿನ ಸುತ್ತ. ಇಡೀ ಮೈಗೆ ತುಕ್ಕಿನ ಟೆಕ್ಸ್ಚರ್ ಹೊದಿಸಿದರೆ ಮಚ್ಚೆಮಚ್ಚೆ ಬಣ್ಣ ಬಳಿದ ಸೈನ್ಯದ ವಾಹನದ ಹಾಗೆ ಕಾಣುತ್ತದೆ.

ನೆರಳುಬೆಳಕು

ಹೆಡ್‌ಲೈಟಿಗೆ ಕಣ್ಣು ಬೇಡ. ಈ ಲೋಕದಲ್ಲಿ ಕಣ್ಣು ವಿಂಡ್‌ಶೀಲ್ಡ್ ಮೇಲೆ. 1952ರ ಡಿಸ್ನಿ ಕಿರುಚಿತ್ರವೊಂದರ ನೀಲಿ ಕೂಪೆ ಪುಟಾಣಿಗೂ ಹಾಗೇ ಇತ್ತು. ದೀಪಕ್ಕೆ ಇಳಿಸಿದರೆ ಕಣ್ಣು ಬಾಯಿಗೆ ತೀರಾ ಹತ್ತಿರವಾಗಿ ಮುಖ ಕಿರಿದಾಗುತ್ತದೆ, ಮೇಲಿನ ಅರ್ಧ ಕಾರು ಸುಮ್ಮನೆ ಹೊತ್ತ ಟೋಪಿಯಾಗುತ್ತದೆ.

ಮಾಡೆಲ್ ಟಿಯ ಗಾಜು ಚಪ್ಪಟೆ, ನೆಟ್ಟಗೆ. ಅದಕ್ಕೇ ಕಣ್ಣು ಗುರಾಯಿಸುವಂತೆ ಕಾಣುವುದು. ರೆಪ್ಪೆಯಿಂದ ಸರಿಪಡಿಸಿ. ಕಾರ್ಖಾನೆಯಲ್ಲಿ ಗಾಜಿನ ಎತ್ತರದ ಹತ್ತನೇ ಒಂದು ಭಾಗ ರೆಪ್ಪೆ, ಘಾಟಿಯಲ್ಲಿ ಐದನೇ ಒಂದು, ಅಂಗಡಿಯ ಮುದುಕಿಗೆ ಮೂರನೇ ಒಂದು. ಕಣ್ಣಿನ ಪಾಪೆಯ ಅಳತೆ ನಾಲ್ಕರಲ್ಲೂ ಒಂದೇ ಇರಲಿ, ಗುರುತು ಸಿಗುವುದು ಅದರಿಂದ. ಮೈ ಬಗ್ಗಿಸಬೇಡಿ, ಅದು ತಗಡು. ನಾಚಿಕೆ, ಅಳುಕು ಎಲ್ಲ ಮುಂಚಕ್ರದ ತಿರುವಿನಲ್ಲೂ ಸ್ಪ್ರಿಂಗಿನ ವಾಲುವಿಕೆಯಲ್ಲೂ ಬರಬೇಕು.

ಅರವತ್ತಾರು

ಗುಳೆಯ ಸಾಲಿನಲ್ಲಿ ಎಲ್ಲರನ್ನೂ 1923ರ ಕೂಪೆ ಮಾಡಬೇಡಿ. ತೆರೆದ ಟೂರಿಂಗ್ ಕಾರು, ಹಿಂಭಾಗ ಕತ್ತರಿಸಿ ಹಲಗೆ ಹೊಡೆದು ಟ್ರಕ್ ಮಾಡಿಕೊಂಡದ್ದು, ಒಂದೆರಡು 1928ರ ನಂತರದ ಮಾಡೆಲ್ ಎ ಸೇರಲಿ. ಲಿಜ್ಜಿಯ ಮುಖದವರು ಮೂರು ಸಾಕು. ಅವರಲ್ಲಿ ಒಬ್ಬಳು ಮೊದಲ ಚಿತ್ರದಲ್ಲಿ ಲಿಜ್ಜಿಯ ಪಕ್ಕ ನಿಂತಿದ್ದವಳೇ ಆಗಿದ್ದರೆ, ಅವಳ ಫೆಂಡರಿಗೋ ದೀಪಕ್ಕೋ ಒಂದು ಗುರುತು ಅಲ್ಲೇ ಇಟ್ಟುಬಿಡಿ. ಎ3ರಲ್ಲಿ ಆ ಗುರುತು 4 ಮಿಲಿಮೀಟರಿಗಿಂತ ಸಣ್ಣದಾದರೆ ಫೋನಿನಲ್ಲಿ ನೋಡುವವರಿಗೆ ಕಾಣುವುದಿಲ್ಲ.

ಪ್ರಿಂಟ್ ಹಾಕಿಸಿ ಮಾರುವ ಯೋಚನೆ ಇದ್ದರೆ ಬಿಡಿ, ಪಾತ್ರ ಡಿಸ್ನಿಯದು.

ಗೆರೆಗಾರ್ತಿ

ಮಾರುವುದಿಲ್ಲ. ಪಕ್ಕದವಳ ಎಡ ದೀಪದ ಕವಚಕ್ಕೆ ಒಂದು ನಗ್ಗು ಕೊಡುತ್ತೇನೆ. ಕಡ್ಡಿ ಎಣಿಸಿದೆ, ಹದಿನಾಲ್ಕಿತ್ತು. ಚಕ್ರಗಳಿಂದಲೇ ಮತ್ತೆ ಶುರು ಮಾಡುತ್ತೇನೆ.