ಊರುಗೋಲು, ಗಾಲಿಕುರ್ಚಿ, ಓಡುವ ಮಕ್ಕಳು: ಎಲ್ಲರೂ ಸೇರಿ ಯಾವ ಕೆರೆಗೆ ಹೋಗಬಹುದು?

ಕೇಳಿದವರು, ದಾವಣಗೆರೆ

ಡಿಸೆಂಬರ್ ಕೊನೆಯ ವಾರ ಬಂಧುಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದಾರೆ. ಅತ್ತೆಯವರಿಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಯಾಗಿದೆ, ಊರುಗೋಲು ಹಿಡಿದು ಸ್ವಲ್ಪ ದೂರ ನಡೆಯಬಲ್ಲರು. ಚಿಕ್ಕಪ್ಪ ಗಾಲಿಕುರ್ಚಿಯಲ್ಲಿದ್ದಾರೆ. ಅಕ್ಕನ ಮಗನಿಗೆ ಕಣ್ಣು ಕಾಣುವುದಿಲ್ಲ, ಆದರೆ ಎಷ್ಟು ದೂರವಾದರೂ ನಡೆಯುತ್ತಾನೆ. ಉಳಿದ ಮಕ್ಕಳು ಒಂದೆಡೆ ಕೂರುವವರಲ್ಲ. ಎಲ್ಲರನ್ನೂ ಒಂದು ಕೆರೆಯ ದಡಕ್ಕೆ ಕರೆದೊಯ್ಯಬೇಕೆಂಬ ಆಸೆ. ಇಂಥ ಪ್ರವಾಸಗಳಲ್ಲಿ ಹಿರಿಯರು ವಾಹನದಲ್ಲಿ ಕುಳಿತು ಚೀಲ ಕಾಯುವಂತಾಗುತ್ತದೆ, ಅದು ಈ ಸಲ ಆಗಬಾರದು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ದಾವಣಗೆರೆ, ವಿದ್ಯಾನಗರದಿಂದ

ತಂಗಿ, ದೂರದ ಊರಿನ ಯೋಚನೆಗೆ ಮೊದಲು ನಮ್ಮ ಕುಂದವಾಡ ಕೆರೆಯನ್ನೇ ನೋಡಿ. ಭದ್ರಾ ನಾಲೆಯ ನೀರು ತುಂಬಿಕೊಂಡು ನಗರಕ್ಕೆ ಕುಡಿಯಲು ಕೊಡುವ ಕೆರೆ ಅದು. ವಾಯುವಿಹಾರಕ್ಕೆ ಬರುವವರು ಸದಾ ಇರುತ್ತಾರೆ, ಆದ್ದರಿಂದ ಏನಾದರೂ ತೊಂದರೆಯಾದರೆ ನೆರವಾಗಲು ಜನ ಸಿಗುತ್ತಾರೆ. ಮನೆಯಿಂದ ಹತ್ತಿರ. ಅತ್ತೆಯವರಿಗೆ ಸುಸ್ತಾದರೆ ಯಾರ ದಿನವೂ ಕೆಡದಂತೆ ಅವರನ್ನು ಮನೆಗೆ ಬಿಟ್ಟು ಬರಬಹುದು. ಇದು ಸಣ್ಣ ವಿಷಯವಲ್ಲ. ನಡುವೆ ಹಿಂತಿರುಗಬಹುದು ಎಂಬ ಧೈರ್ಯವಿದ್ದರೆ ಹಿರಿಯರು ಹೊರಡಲು ಒಪ್ಪುತ್ತಾರೆ.

ಇಡೀ ಕೆರೆಯನ್ನು ಸುತ್ತಲೇಬೇಕೆಂಬ ಹಠ ಬೇಡ. ಕೆರೆಯ ನಡಿಗೆಗೆ ಬೆಟ್ಟದ ನಡಿಗೆಗಿಲ್ಲದ ಒಂದು ಗುಣವಿದೆ: ಬೆಟ್ಟ ಹತ್ತಿದವರು ಕಣ್ಮರೆಯಾಗುತ್ತಾರೆ, ಕೆರೆ ಸುತ್ತಲು ಹೋದವರು ನೀರಿನ ಆಚೆ ದಡದಲ್ಲಿ ಕಾಣುತ್ತಲೇ ಇರುತ್ತಾರೆ. ಮಕ್ಕಳು ಒಂದು ದಿಕ್ಕಿನಿಂದ ಸುತ್ತು ಹಾಕಲಿ. ಅವರು ಮುಕ್ಕಾಲು ಸುತ್ತು ಮುಗಿಸುವ ಹೊತ್ತಿಗೆ ಹಿರಿಯರು ಇನ್ನೊಂದು ದಿಕ್ಕಿನಿಂದ ತಮ್ಮ ಕೈಲಾದಷ್ಟು ದೂರ ನಡೆದು ಎದುರಾಗಲಿ. ಕೊನೆಯ ತುಣುಕನ್ನು ಎಲ್ಲರೂ ಒಟ್ಟಿಗೆ ನಡೆಯುತ್ತಾರೆ. ನಮ್ಮ ಮನೆಯಲ್ಲಿ ಇದೇ ರೂಢಿ.

ಕುಡಿಯುವ ನೀರಿನ ಕೆರೆ ಎಂಬುದನ್ನು ಮಾತ್ರ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮಂಡಕ್ಕಿ ಪೊಟ್ಟಣವನ್ನು ದಡದಲ್ಲಿ ಬಿಚ್ಚುವುದು ಬೇಡ.

ಚನ್ನಗಿರಿ ತಾಲ್ಲೂಕಿನಿಂದ

ಕುಂದವಾಡ ಅನುಕೂಲವಾದ ಜಾಗ, ಒಪ್ಪುತ್ತೇನೆ. ಆದರೆ ಹೊರ ಊರಿನಿಂದ ಬಂದವರಿಗೆ ಸೂಳೆಕೆರೆ ತೋರಿಸದೆ ಕಳುಹಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಕಡತದಲ್ಲಿ ಶಾಂತಿಸಾಗರ ಎಂದಿದೆ. ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದು. ಹರಿದ್ರಾ ಹಳ್ಳದ ನೀರನ್ನು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ತಡೆದು ಕಟ್ಟಿದ್ದಾರೆ. ಅಷ್ಟು ದೊಡ್ಡ ನೀರಿಗೆ ಏರಿಯ ಉದ್ದ ಸುಮಾರು 950 ಅಡಿ ಮಾತ್ರ, ಅಂದರೆ ಹತ್ತಿರ ಹತ್ತಿರ ಮುನ್ನೂರು ಮೀಟರ್. ಕಣಿವೆ ಕಿರಿದಾಗಿದ್ದಲ್ಲೇ ಅಡ್ಡಕಟ್ಟಿದ ಆ ಕಾಲದವರ ಜಾಣತನ ಇಂದು ನಿಮ್ಮ ಅತ್ತೆಯವರ ಮಂಡಿಗೆ ಉಪಕಾರವಾಗುತ್ತದೆ. ಏರಿಯ ಅರ್ಧ ನಡೆದರೂ ಸಾಕು, ಇಡೀ ಸಾಗರ ಕಣ್ಣೆದುರಿಗಿರುತ್ತದೆ. ಒಳ್ಳೆಯ ನೋಟಕ್ಕಾಗಿ ಇನ್ನೂ ಮುಂದೆ ಹೋಗಬೇಕು, ಮೇಲೆ ಹತ್ತಬೇಕು ಎಂಬುದೇ ಇಲ್ಲ. ಕಡಿಮೆ ನಡೆಯುವವರನ್ನು ಕರೆದೊಯ್ಯುವಾಗ ನಾನು ಮೊದಲು ನೋಡುವುದು ಇದನ್ನೇ: ವಾಹನ ಇಳಿದ ಜಾಗದಲ್ಲೇ ಚೆಲುವು ಇದೆಯೇ?

ಎಚ್ಚರಿಕೆಯ ಮಾತನ್ನೂ ಹೇಳಬೇಕು. ಏರಿಯ ಮೇಲೆ ವಾಹನಗಳ ಓಡಾಟವಿರುತ್ತದೆ. ಗಾಲಿಕುರ್ಚಿಯ ರಸ್ತೆಯ ಬದಿಗೆ ಒಬ್ಬರು ಗಟ್ಟಿಯಾದವರು ನಡೆಯಲಿ, ಬಣ್ಣದ ಬಟ್ಟೆ ತೊಟ್ಟಿದ್ದರೆ ಒಳ್ಳೆಯದು. ನೀರಿನ ಬದಿಯ ಕಲ್ಲುಗಳು ಕಡಿದಾಗಿ ಇಳಿಯುತ್ತವೆ, ಪಾಚಿ ಕಟ್ಟಿದ್ದರೆ ಜಾರುತ್ತವೆ. ಮಕ್ಕಳು ಸೆಲ್ಫಿಗೆಂದು ಇಳಿಯಲು ಬಿಡಬೇಡಿ. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳಿವೆ, ಅವುಗಳ ಹತ್ತಿರ ನೀರು ಆಳ. ಏರಿಯ ಮೇಲಿಂದಲೇ ನೋಡಿ.

ಹೋಗುವಾಗ ಸಂತೇಬೆನ್ನೂರಿನ ಪುಷ್ಕರಣಿಯೂ ದಾರಿಯಲ್ಲೇ ಸಿಗುತ್ತದೆ. ನಡುವೆ ವಸಂತ ಮಂಟಪ ನಿಂತಿರುವುದನ್ನು ಮೇಲಿನ ಕಟ್ಟೆಯಿಂದಲೇ ನೋಡಬಹುದು. ಮೆಟ್ಟಿಲಿಳಿಯುವ ಆಸೆಯಿದ್ದವರು ಇಳಿಯಲಿ.

ಚಿತ್ರದುರ್ಗದಿಂದ, ಗಾಲಿಕುರ್ಚಿಯಲ್ಲಿ ಓಡಾಡುವವನು

ಅಕ್ಕ, ಜಾಗ ನಿರ್ಧರಿಸುವ ಮೊದಲು ಚಿಕ್ಕಪ್ಪನವರನ್ನು ಕೇಳಿದ್ದೀರಾ? ನಮ್ಮನ್ನು ಎಲ್ಲಿಗೆ ಒಯ್ಯಬೇಕೆಂದು ಎಲ್ಲರೂ ಚರ್ಚಿಸುತ್ತಾರೆ, ನಮಗೆ ಎಲ್ಲಿಗೆ ಹೋಗುವ ಮನಸ್ಸಿದೆ ಎಂದು ಕೇಳುವವರು ಕಡಿಮೆ.

ಮೊದಲ ವಿಷಯ ಶೌಚಾಲಯ. ದಾರಿಯಲ್ಲಿ ಅನುಕೂಲವಿಲ್ಲ ಎಂದು ಗೊತ್ತಾದರೆ ನಮ್ಮಂಥವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತೇವೆ. ಯಾರಿಗೂ ಹೇಳುವುದಿಲ್ಲ. ಬಿಸಿಲಿನಲ್ಲಿ ಅದು ಅಪಾಯ. ಗಾಲಿಕುರ್ಚಿ ಒಳಗೆ ಹೋಗುವಂಥ, ಮೆಟ್ಟಿಲಿಲ್ಲದ ಶೌಚಾಲಯ ದಾರಿಯಲ್ಲಿ ಯಾವ ಹೋಟೆಲಿನಲ್ಲಿ ಅಥವಾ ಪೆಟ್ರೋಲ್ ಬಂಕಿನಲ್ಲಿದೆ ಎಂದು ಮೊದಲೇ ಕಂಡುಕೊಂಡು, ಅದನ್ನು ಚಿಕ್ಕಪ್ಪನವರಿಗೆ ಸ್ಪಷ್ಟವಾಗಿ ಹೇಳಿ. ಆಗ ಅವರು ನಿಶ್ಚಿಂತೆಯಿಂದ ಬರುತ್ತಾರೆ.

ಎರಡನೆಯದು, ಒಬ್ಬರು ಅಳತೆ ಟೇಪು ಹಿಡಿದು ಮುಂಚಿತವಾಗಿ ಹೋಗಿ ಬರಲಿ. ಬೈಕುಗಳು ನುಗ್ಗದಿರಲೆಂದು ಉದ್ಯಾನ ಮತ್ತು ಕೆರೆಗಳ ಬಾಗಿಲಲ್ಲಿ ಕಂಬಿ ನೆಟ್ಟಿರುತ್ತಾರೆ. ಆ ಸಂದಿನಲ್ಲಿ ಕುರ್ಚಿ ತೂರದಿದ್ದರೆ ಒಳಗಿನ ದಾರಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಕುರ್ಚಿಯ ಅಗಲವನ್ನು ಕೈಗಳು ಗಾಲಿಯ ಮೇಲಿರುವಂತೆ ಇಟ್ಟುಕೊಂಡು ಅಳೆಯಿರಿ. ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಾದರೂ ಇರಬೇಕೆಂಬುದು ಮಾನದಂಡ. ಅದಕ್ಕಿಂತ ಕಡಿದಾಗಿದ್ದರೆ ಕುರ್ಚಿಯನ್ನು ಹಿಂದುಮುಖವಾಗಿ, ನಿಧಾನವಾಗಿ ಇಳಿಸಿ. ಜಲ್ಲಿ ಹರಡಿದ ದಾರಿಗಿಂತ ಗಟ್ಟಿಯಾದ ಮಣ್ಣಿನ ದಾರಿ ಎಷ್ಟೋ ಮೇಲು. ಜಲ್ಲಿಯಲ್ಲಿ ಮುಂದಿನ ಸಣ್ಣ ಗಾಲಿಗಳು ಹೂತುಹೋಗುತ್ತವೆ.

ಬಾಗಿಲಲ್ಲಿ ತಡೆಯಿದ್ದರೆ ಸಂಬಂಧಪಟ್ಟವರಿಗೆ ಬರೆದು ಕೊಡಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಸಾರ್ವಜನಿಕ ಸ್ಥಳಗಳು ಎಲ್ಲರ ಪ್ರವೇಶಕ್ಕೆ ತಕ್ಕಂತಿರಬೇಕು ಎನ್ನುತ್ತದೆ. ಕೆರೆ ನಮ್ಮದೂ ಹೌದು.

ನಮ್ಮ ಊರಿಗೇ ಬರುವುದಾದರೆ ಚಂದ್ರವಳ್ಳಿ ಇದೆ. ಬಂಡೆಗಳ ನಡುವಿನ ಕೆರೆ. ಕದಂಬರ ಮಯೂರಶರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುವ ಬಂಡೆಗಲ್ಲಿನ ಶಾಸನವೂ ಅಲ್ಲೇ ಇದೆ. ಅಂಕಲಿ ಮಠದ ಗುಹೆಗಳು ಕತ್ತಲೆ, ಮೆಟ್ಟಿಲು. ಅವು ಮಕ್ಕಳಿಗೆ ಇರಲಿ, ನಾವು ನೀರಿನ ಹತ್ತಿರ ಇರುತ್ತೇವೆ.

ಹಿರಿಯೂರಿನಿಂದ

ಯಾರಾದರೂ ವಾಣಿವಿಲಾಸ ಸಾಗರ ಎಂದು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ: ಈ ಗುಂಪಿಗೆ ಬೇಡ. ನನ್ನ ಊರಿನ ಹೆಮ್ಮೆ ಅದು. 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟು, 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಬಂದಿತ್ತು. ಆದರೆ ಕೆಳಗೆ ನಿಂತರೆ ಕಾಣುವುದು ಗೋಡೆ. ನೀರು ಕಾಣಬೇಕಾದರೆ ಮೆಟ್ಟಿಲು ಹತ್ತಬೇಕು. ಹತ್ತಿದವರು ಮೇಲೆ, ಹತ್ತಲಾರದವರು ಕೆಳಗೆ ಎಂದು ಮನೆಯವರೇ ಎರಡು ಭಾಗವಾಗುತ್ತಾರೆ. ಮಕ್ಕಳನ್ನು ಇನ್ನೊಂದು ದಿನ ಕಳುಹಿಸಿ.

ದೃಷ್ಟಿ ಇಲ್ಲದ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ, ದಾವಣಗೆರೆ

ನಿಮ್ಮ ಅಕ್ಕನ ಮಗನ ಬಗ್ಗೆ ಯಾರೂ ಬರೆದಿಲ್ಲ. ಅವನನ್ನು ಕೈಹಿಡಿದು ಎಳೆಯಬೇಡಿ. ಅವನೇ ನಿಮ್ಮ ಮೊಣಕೈಯ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಲಿ. ನಿಮ್ಮ ಮೈ ಏರುವುದು, ಇಳಿಯುವುದು, ತಿರುಗುವುದು ಅವನಿಗೆ ತಾನಾಗಿ ತಿಳಿಯುತ್ತದೆ. ನೀರು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹೊರಡುವಾಗಲೇ ಹೇಳಿ, ದಿಕ್ಕು ಬದಲಾದಾಗ ಮತ್ತೆ ಹೇಳಿ. ಮಕ್ಕಳೊಂದಿಗೆ ದೊಡ್ಡ ಸುತ್ತಿಗೆ ಅವನನ್ನೂ ಕಳುಹಿಸಿ, ಹಿರಿಯರ ಜೊತೆ ಕೂರಿಸಬೇಡಿ.

ಡಿಸೆಂಬರ್ ಬೆಳಗ್ಗೆ ಕೆರೆಯಲ್ಲಿ ಕೇಳಲು ಬೇಕಾದಷ್ಟಿದೆ. ನೀರುಕಾಗೆಗಳು ರೆಕ್ಕೆ ಬಡಿಯುತ್ತಾ ನೀರಿನಿಂದ ಮೇಲೇಳುವ ಸದ್ದು, ಕಲ್ಲಿಗೆ ಅಲೆ ತಾಗುವುದು, ತೂಬಿನಲ್ಲಿ ನೀರು ಬಿಟ್ಟಿದ್ದರೆ ಅದರ ಭೋರ್ಗರೆತ. ಧ್ವನಿವರ್ಧಕ ಹಚ್ಚಿ ಹಾಡು ಹಾಕಬೇಡಿ ಎಂದು ಉಳಿದ ಮಕ್ಕಳಿಗೆ ದಯವಿಟ್ಟು ತಿಳಿಸಿ. ಆ ಸದ್ದಿನಲ್ಲಿ ಅವನ ಕೆರೆ ಮುಳುಗಿಹೋಗುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಉಪಕಾರವಾಯಿತು. ಚಿಕ್ಕಪ್ಪನವರನ್ನು ಕೇಳಿದೆ, ಸೂಳೆಕೆರೆಯೇ ಬೇಕೆಂದರು. ಹುಡುಗನಾಗಿದ್ದಾಗ ಬಸ್ಸಿನ ಕಿಟಕಿಯಿಂದ ನೋಡಿದ್ದರಂತೆ. ಮುಂದಿನ ಭಾನುವಾರ ನಾನೂ ಯಜಮಾನರೂ ಟೇಪು ಹಿಡಿದು ಹೋಗಿ ಬರುತ್ತೇವೆ. ಅತ್ತೆಯವರಿಗೆ ಕೂರಲು ಮಡಚುವ ಕುರ್ಚಿ ಒಯ್ಯಲೇ?

ಚನ್ನಗಿರಿ ತಾಲ್ಲೂಕಿನಿಂದ

ಎರಡು ಒಯ್ಯಿರಿ, ಕೈಹಿಡಿ ಇರುವಂಥವು. ಹೊಸ ಮಂಡಿಯವರಿಗೆ ಕೂರುವುದಕ್ಕಿಂತ ಏಳುವುದು ಕಷ್ಟ. ತಗ್ಗಾದ ಕುರ್ಚಿ ಬೇಡ. ಒಂದನ್ನು ಏರಿಯ ಆರಂಭದಲ್ಲಿ, ಇನ್ನೊಂದನ್ನು ನಡುವೆ ಹಾಕಿಬಿಡಿ. ಏರಿಯ ಮೇಲೆ ಗಾಳಿ ಜೋರಾಗಿರುತ್ತದೆ, ಶಾಲು ಮರೆಯಬೇಡಿ. ವಾಹನವನ್ನು ಏರಿಯ ಮೇಲೆ ನಿಲ್ಲಿಸದೆ, ಎಲ್ಲರನ್ನೂ ಇಳಿಸಿ ಮುಂದೆ ಅಗಲವಾದ ಜಾಗದಲ್ಲಿ ನಿಲ್ಲಿಸುವಂತೆ ಚಾಲಕರಿಗೆ ಹೇಳಿ.