ಪ್ರಶ್ನೋತ್ತರ: ಮಳೆಗಾಲವಿಡೀ ನಿಂತ ಪಾಲುದಾರಿಕೆಯ ವಿಮಾನ, ಕ್ಲಬ್ಬಿನ ಲೆಕ್ಕ ಮತ್ತು ಲಾಗ್ ಪುಸ್ತಕ

ಇಂಜಿನಿಯರ್: ಬಳಗದ ಎಲ್ಲರಿಗೂ ನಮಸ್ಕಾರ. ನಾನು ವಿಮಾನ ನಿರ್ವಹಣೆಯ ಲೈಸೆನ್ಸ್ ಪಡೆದ ಇಂಜಿನಿಯರ್. ಸಣ್ಣ ಹಾರಾಟ ಕ್ಲಬ್ಬುಗಳನ್ನು ನಡೆಸುವ ಕುರಿತು ತಮಗಿರುವ ಪ್ರಶ್ನೆಗಳನ್ನು ಇಲ್ಲಿ ಕೇಳಬಹುದು. ವಿಮಾನದ ಮಾದರಿ ಮತ್ತು ತೊಂದರೆ ಕಂಡುಬಂದ ಸಂದರ್ಭವನ್ನು ದಯವಿಟ್ಟು ಬರೆಯಿರಿ.

ನೀರ್ಚಾಲಿನ ಸದಸ್ಯರು: ಮಗಳಿಗೆ ವಿಮಾನ ಹಾರಿಸಲು ಕಲಿಯುವ ಆಸೆಯಿದೆ. ಎಷ್ಟು ವಯಸ್ಸಾಗಿರಬೇಕು?

ಇಂಜಿನಿಯರ್: ವಿದ್ಯಾರ್ಥಿ ಪೈಲಟ್ ಲೈಸೆನ್ಸಿಗೆ 16 ವರ್ಷ, ಖಾಸಗಿ ಪೈಲಟ್ ಲೈಸೆನ್ಸಿಗೆ 17 ವರ್ಷ. ಎರಡನೆಯದಕ್ಕೆ ಕನಿಷ್ಠ 40 ಗಂಟೆಗಳ ಹಾರಾಟವೂ ಬೇಕು. ವೈದ್ಯಕೀಯ ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಮಂಜೇಶ್ವರದ ಸದಸ್ಯರು: ಅಣ್ಣಾ, ನಾವು ಆರು ಮಂದಿ ಪಾಲು ಹಾಕಿ ಕೊಂಡ ಸೆಸ್ನಾ 172 ಎಸ್ ವಿಮಾನವು ಸಮುದ್ರಕ್ಕೆ ಹತ್ತಿರದ ಹ್ಯಾಂಗರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಹಾರದೆ ನಿಂತಿತ್ತು. ವಾರಕ್ಕೊಮ್ಮೆ ಯಾರಾದರೊಬ್ಬರು ಹೋಗಿ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿಟ್ಟು ಬರುತ್ತಿದ್ದೆವು. ಈಗ ಹಾರಾಟ ಆರಂಭಿಸಿದ ಮೇಲೆ ಟೇಕಾಫ್ ಓಟ ಮೊದಲಿಗಿಂತ ಉದ್ದವಾಗಿದೆಯೆಂದು ಇಬ್ಬರಿಗೆ ಅನ್ನಿಸಿದೆ. ಕಳೆದ ವಾರ ಬದಲಿಸಿದ ಹಳೆಯ ಆಯಿಲಿನಲ್ಲಿ ಮಿನುಗುವ ಕಣಗಳಿದ್ದವು. ಫಿಲ್ಟರನ್ನು ತೆಗೆದಿಟ್ಟಿದ್ದೇವೆ, ಬಿಡಿಸಿ ನೋಡಿಲ್ಲ. ಬಿಸಿಲಿನಿಂದ ಹೀಗಾಗಿರಬಹುದೇ? ಭಾನುವಾರಕ್ಕೆ ಇಬ್ಬರು ಬುಕ್ ಮಾಡಿದ್ದಾರೆ.

ಇಂಜಿನಿಯರ್: ಭಾನುವಾರದ ಹಾರಾಟವನ್ನು ಈಗಲೇ ರದ್ದು ಮಾಡಿರಿ, ಕೀಲಿಯನ್ನು ತಮ್ಮ ಬಳಿ ಇಟ್ಟುಕೊಳ್ಳಿರಿ, ಆಮೇಲೆ ಮುಂದೆ ಓದಿರಿ. ಬಿಸಿಲಿನ ದಿನ ಗಾಳಿಯ ಸಾಂದ್ರತೆ ಕಡಿಮೆಯಾಗಿ ಓಟ ಉದ್ದವಾಗುವುದು ನಿಜ. ಆದರೆ ಬಿಸಿಲು ಆಯಿಲಿನೊಳಗೆ ಲೋಹದ ಕಣಗಳನ್ನು ತರುವುದಿಲ್ಲ.

ತಮ್ಮ ವಿಮಾನದಲ್ಲಿರುವುದು ಲೈಕಮಿಂಗ್ ಎಂಜಿನ್. ಅದರಲ್ಲಿ ವಾಲ್ವುಗಳನ್ನು ತೆರೆಸುವ ದಂಡವಾದ ಕ್ಯಾಮ್ ಶಾಫ್ಟ್ ಇರುವುದು, ಪ್ರೊಪೆಲ್ಲರನ್ನು ತಿರುಗಿಸುವ ದಂಡವಾದ ಕ್ರಾಂಕ್ ಶಾಫ್ಟಿನ ಮೇಲ್ಭಾಗದಲ್ಲಿ. ಎಂಜಿನ್ ನಿಂತಾಗ ಆಯಿಲ್ ಎಂಜಿನ್ನಿನ ತಳದ ತೊಟ್ಟಿಗೆ ಇಳಿದುಬಿಡುತ್ತದೆ, ಕ್ಯಾಮ್ ಮತ್ತು ಅದು ತಳ್ಳುವ ಟ್ಯಾಪೆಟ್‌ಗಳ ಮೇಲೆ ತೆಳುವಾದ ಪೊರೆ ಮಾತ್ರ ಉಳಿಯುತ್ತದೆ. ನಮ್ಮ ಕರಾವಳಿಯ ಆಟಿ ತಿಂಗಳ ತೇವ ಮತ್ತು ಉಪ್ಪುಗಾಳಿಗೆ ಆ ಪೊರೆ ಬಹಳ ದಿನ ತಡೆಯುವುದಿಲ್ಲ. ತುಕ್ಕು ಕೊರೆದ ಟ್ಯಾಪೆಟ್ ಮುಖವು ಮತ್ತೆ ಎಂಜಿನ್ ತಿರುಗಿದಾಗ ಕ್ಯಾಮ್ ಲೋಬನ್ನು (ಶಾಫ್ಟಿನ ಮೇಲಿನ ಉಬ್ಬನ್ನು) ಉಜ್ಜಿ ತಿನ್ನುತ್ತದೆ. ಲೋಬ್ ಸವೆದಷ್ಟೂ ವಾಲ್ವ್ ತೆರೆಯುವ ಎತ್ತರ ಕುಗ್ಗಿ, ಸಿಲಿಂಡರಿಗೆ ಸಾಕಷ್ಟು ಮಿಶ್ರಣ ಹೋಗದೆ ಶಕ್ತಿ ಇಳಿಯುತ್ತದೆ. ತಾವು ಹೇಳಿದ ಎರಡೂ ಲಕ್ಷಣಗಳು ಒಂದೇ ಕಾರಣದತ್ತ ಬೊಟ್ಟು ಮಾಡುವುದರಿಂದಲೇ ನನಗೆ ಆತಂಕವಾಗಿದೆ.

ವಾರಕ್ಕೊಮ್ಮೆ ಹತ್ತು ನಿಮಿಷ ಚಾಲೂ ಮಾಡಿಟ್ಟದ್ದು ಕಾಳಜಿಯಿಂದಲೇ ಆದರೂ ಅದರಿಂದ ಹಾನಿಯೇ ಹೆಚ್ಚಾಗಿದೆ. ಇಂಧನ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳನ್ನು ದಾಟಿ ಎಂಜಿನ್ನಿನ ಒಡಲಾದ ಕ್ರಾಂಕ್ ಕೇಸಿಗೆ ಇಳಿಯುತ್ತದೆ. ನೆಲದ ಮೇಲಿನ ಹತ್ತು ನಿಮಿಷದಲ್ಲಿ ಆ ನೀರನ್ನು ಹೊರಗಟ್ಟುವಷ್ಟು ಆಯಿಲ್ ಕಾಯುವುದಿಲ್ಲ. ಉಳಿದ ನೀರು ಆಮ್ಲಗಳೊಡನೆ ಸೇರಿ ತುಕ್ಕಿಗೆ ದಾರಿ ಮಾಡುತ್ತದೆ. 30 ದಿನಗಳೊಳಗೆ ಒಮ್ಮೆಯಾದರೂ, ಆಯಿಲಿನ ಉಷ್ಣತೆ 165ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇರುವಂತೆ, ಒಂದು ಗಂಟೆ ಹಾರಿಸಬೇಕೆಂದು ಎಂಜಿನ್ ತಯಾರಕರೇ ಹೇಳುತ್ತಾರೆ. ಅದು ಸಾಧ್ಯವಿಲ್ಲದಿದ್ದರೆ ಮಳೆಗಾಲಕ್ಕೆ ಮೊದಲೇ ಸಂರಕ್ಷಕ ಆಯಿಲ್ ತುಂಬಿ, ಸ್ಪಾರ್ಕ್ ಪ್ಲಗ್‌ಗಳ ಜಾಗದಲ್ಲಿ ತೇವ ಹೀರುವ ಪ್ಲಗ್‌ಗಳನ್ನು ಹಾಕಿ, ಎಲ್ಲ ಬಾಯಿಗಳನ್ನೂ ಮುಚ್ಚಿ ಮಲಗಿಸಬೇಕು. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಬರುವ ಅಭ್ಯಾಸವಿದ್ದರೆ ಅದನ್ನೂ ಬಿಡಿರಿ. ಅದು ಉಳಿದ ಪೊರೆಯನ್ನೂ ಒರೆಸಿಬಿಡುತ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಆರಿಸಿಡುವ ತಂತಿ ತುಂಡಾಗಿದ್ದರೆ ಎಂಜಿನ್ ತಟ್ಟನೆ ಚಾಲೂ ಆಗಿ ತಿರುಗಿಸಿದವರ ಪ್ರಾಣಕ್ಕೂ ಅಪಾಯ.

ಈಗ ಇಂಜಿನಿಯರೊಬ್ಬರ ಮುಂದೆಯೇ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ ತೊಳೆದು, ಸಿಕ್ಕಿದ ಕಣಗಳ ಬಳಿ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು, ಕ್ಯಾಮ್ ಅಥವಾ ಟ್ಯಾಪೆಟ್ ಕಡೆಯದೆಂಬ ಶಂಕೆ ಬಲವಾಗುತ್ತದೆ. ಅಂಟದಿದ್ದರೆ ಅಲ್ಯೂಮಿನಿಯಮ್ ಇರಬಹುದು, ಆಗ ಹುಡುಕುವ ಜಾಗ ಬೇರೆ. ಫಲಿತಾಂಶವನ್ನು ಇಲ್ಲಿ ತಿಳಿಸಿರಿ.

ಬದಿಯಡ್ಕದ ಮಾಷ್ಟ್ರು: ನನಗೆ ಬಂದ ಸಂದೇಶವೊಂದನ್ನು ಕಳುಹಿಸುತ್ತಿದ್ದೇನೆ: «ವಿಮಾನದ ಎಂಜಿನ್ ತುಕ್ಕು ಹಿಡಿಯದಿರಲು ಸ್ಪಾರ್ಕ್ ಪ್ಲಗ್ ತೆಗೆದು ಶುದ್ಧ ತೆಂಗಿನೆಣ್ಣೆ ಎರೆಯಿರಿ. ಎಲ್ಲರಿಗೂ ಹಂಚಿರಿ.»

ಇಂಜಿನಿಯರ್: ಮಾಷ್ಟ್ರೇ, ದಯವಿಟ್ಟು ಇದನ್ನು ಯಾರಿಗೂ ಕಳುಹಿಸಬೇಡಿರಿ. ಸಿಲಿಂಡರಿನ ಮೇಲಿಂದ ಎರೆದ ಎಣ್ಣೆ ಕ್ಯಾಮ್ ಶಾಫ್ಟನ್ನು ಮುಟ್ಟುವುದೇ ಇಲ್ಲ. ಬಿಸಿಯಲ್ಲಿ ಅಡುಗೆಯ ಎಣ್ಣೆ ಜಿಡ್ಡುಗಟ್ಟಿ ರಿಂಗುಗಳನ್ನು ಅಂಟಿಸುತ್ತದೆ. ತಯಾರಕರ ಕೈಪಿಡಿಯಲ್ಲಿಲ್ಲದ ಯಾವ ದ್ರವವನ್ನೂ ವಿಮಾನದ ಎಂಜಿನ್ನಿಗೆ ಎರೆಯುವಂತಿಲ್ಲ.

ಅಡೂರಿನ ಸದಸ್ಯರು: ಏವಿಯೇಷನ್ ಗ್ಯಾಸೊಲಿನ್ ದುಬಾರಿ. ಬಂಕಿನ ಪೆಟ್ರೋಲನ್ನು ಸೋಸಿ ಹಾಕಬಹುದೇ?

ಇಂಜಿನಿಯರ್: ಬೇಡ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರ್ ಸೀಲ್‌ಗಳನ್ನು ಕೆಡಿಸುತ್ತದೆ. ಸೋಸಿದರೆ ಎಥನಾಲ್ ಹೋಗುವುದಿಲ್ಲ.

ಪೆರ್ಲದ ಸದಸ್ಯರು: ಪಾಲುದಾರರಲ್ಲಿ ಒಬ್ಬರು ಹಾರಿಸುವಾಗ ಹಾನಿಯಾದರೆ ವಿಮೆಯ ಹಣ ಉಳಿದವರಿಗೆ ಸಿಗುತ್ತದೆಯೇ?

ಉಪ್ಪಳದ ಸದಸ್ಯರು: ವೇಗ ಅಳೆಯಲು ಗಾಳಿ ಹಿಡಿಯುವ ಪಿಟೊ ಕೊಳವೆಗೆ ಕವರ್ ಹಾಕಲೇಬೇಕೇ? ಹ್ಯಾಂಗರಿನ ಒಳಗೆ ಮಳೆ ಬೀಳುವುದಿಲ್ಲವಲ್ಲ.

ಇಂಜಿನಿಯರ್: ಹಾಕಲೇಬೇಕು. ಭಯವಿರುವುದು ಮಳೆಯದಲ್ಲ, ಮಣ್ಣಿನ ಗೂಡು ಕಟ್ಟುವ ಕಣಜದ್ದು. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 189 ಮಂದಿಯೂ ಸತ್ತರು. ಕವರ್ ಇಲ್ಲದೆ ನಿಂತಿದ್ದ ವಿಮಾನದ ಒಂದು ಪಿಟೊ ಕೊಳವೆ ಕಟ್ಟಿಕೊಂಡು ವೇಗಮಾಪಕ ತಪ್ಪು ತೋರಿಸಿತ್ತು, ಕೀಟದ ಗೂಡೇ ಕಾರಣವಿರಬೇಕೆಂದು ತನಿಖೆ ಶಂಕಿಸಿತು.

ಮುಳ್ಳೇರಿಯದ ಸದಸ್ಯರು: ನಾನೂ ಮಂಜೇಶ್ವರದವರ ಪಾಲುದಾರನೇ. ನಾನು ವರ್ಷದಲ್ಲಿ ಹಾರುವುದು ಬಹಳ ಕಡಿಮೆ. ಎಂಜಿನ್ ಬಿಚ್ಚುವ ಖರ್ಚನ್ನು ಸಮನಾಗಿ ಹಂಚುವುದು ನ್ಯಾಯವೇ?

ಕುಂಬಳೆಯ ಸದಸ್ಯರು: ನ್ಯಾಯವೇ. ತುಕ್ಕು ಹಿಡಿದದ್ದು ಹಾರಿದ್ದರಿಂದಲ್ಲ, ಹಾರದೆ ನಿಂತದ್ದರಿಂದ ಎಂದು ಈಗಷ್ಟೇ ಹೇಳಿದರಲ್ಲ.

ಮುಳ್ಳೇರಿಯದ ಸದಸ್ಯರು: ಹಾಗಾದರೆ ಇನ್ನೊಂದು ವಿಷಯವನ್ನೂ ಎಲ್ಲರೆದುರು ಹೇಳುತ್ತೇನೆ. ಕಳೆದ ತಿಂಗಳು ತಾವು ಮ್ಯಾಗ್ನೆಟೋ ಪರೀಕ್ಷಿಸುವಾಗ ಎಂಜಿನ್ನಿನ ಸುತ್ತು ನಿಮಿಷಕ್ಕೆ 200ರಷ್ಟು ಇಳಿದಿತ್ತು, ತಾವು ಲಾಗ್ ಪುಸ್ತಕದಲ್ಲಿ ಬರೆಯಲಿಲ್ಲ.

ಕುಂಬಳೆಯ ಸದಸ್ಯರು: ಮಿಕ್ಸ್‌ಚರ್ ತೆಳುಗೊಳಿಸಿ (ಇಂಧನದ ಪಾಲು ಕಡಿಮೆ ಮಾಡಿ) ಸ್ವಲ್ಪ ಹೊತ್ತು ಓಡಿಸಿದಾಗ ಸರಿಯಾಯಿತು. ಬರೆದಿದ್ದರೆ ನಿಮ್ಮ ಬುಕಿಂಗೇ ರದ್ದಾಗುತ್ತಿತ್ತು. ತಿಂಗಳ ಚಂದಾವನ್ನು ಸಮಯಕ್ಕೆ ಕೊಡದವರು ನನಗೆ ನಿಯಮ ಹೇಳುವುದು ಬೇಡ.

ಇಂಜಿನಿಯರ್: ಚಂದಾದ ವಿಚಾರ ಬದಿಗಿರಲಿ. ಆ ಮಾದರಿಯಲ್ಲಿ 1800 ಸುತ್ತುಗಳಲ್ಲಿ ಪರೀಕ್ಷಿಸುವಾಗ ಇಳಿಕೆ 150 ಮೀರಬಾರದು, ಎರಡು ಮ್ಯಾಗ್ನೆಟೋಗಳ ನಡುವಿನ ಅಂತರ 50 ದಾಟಬಾರದು. ಸ್ಪಾರ್ಕ್ ಪ್ಲಗ್ಗಿನ ಕೊಳೆ ಹಾಗೆ ಉರಿದುಹೋಗುವುದುಂಟು, ಆದರೂ ಬರೆಯಲೇಬೇಕು. ಒಬ್ಬರೇ ಹಾರಿಸುವ ವಿಮಾನದಲ್ಲಿ ಹಿಂದಿನ ತೊಂದರೆ ಅವರ ನೆನಪಿನಲ್ಲಾದರೂ ಇರುತ್ತದೆ. ಆರು ಮಂದಿಯ ವಿಮಾನಕ್ಕೆ ಲಾಗ್ ಪುಸ್ತಕದ ಹೊರತು ಬೇರೆ ನೆನಪಿಲ್ಲ. ಬುಕಿಂಗ್ ಉಳಿಸಲು ದೋಷವನ್ನು ಬರೆಯದೆ ಬಿಟ್ಟವರು ಮುಂದಿನ ಪೈಲಟನ್ನು ಏನೂ ತಿಳಿಸದೆ ಮೇಲಕ್ಕೆ ಕಳುಹಿಸುತ್ತಾರೆ. ದೋಷ ಬರೆದವರನ್ನು ದೂರುವ ಕ್ಲಬ್ಬಿನಲ್ಲಿ ಯಾರೂ ಬರೆಯುವುದಿಲ್ಲ, ಇದನ್ನು ಇಬ್ಬರೂ ಯೋಚಿಸಿರಿ.

ಖರ್ಚಿನ ಬಗ್ಗೆ: ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಹಾರದಿದ್ದರೂ ಬರುತ್ತವೆ, ಅವನ್ನು ಸಮನಾಗಿ ಹಂಚಿರಿ. ಇಂಧನ, ಆಯಿಲ್ ಮತ್ತು ಎಂಜಿನ್ ನಿಧಿಯನ್ನು ಗಂಟೆಗಳ ಲೆಕ್ಕದಲ್ಲಿ ವಸೂಲು ಮಾಡಿರಿ. ಎಂಜಿನ್ನನ್ನು ಪೂರ್ತಿ ಬಿಚ್ಚಿ ಸರಿಪಡಿಸುವ ಓವರ್‌ಹಾಲಿಗೆ 20 ಲಕ್ಷ ರೂಪಾಯಿ ಎಂದು ಅಂದಾಜಿಸಿದರೆ, ಒಂದು ಓವರ್‌ಹಾಲಿನಿಂದ ಇನ್ನೊಂದರವರೆಗಿನ 2000 ಗಂಟೆಗಳ ಅವಧಿಗೆ ಗಂಟೆಗೆ 1000 ರೂಪಾಯಿ ಪ್ರತ್ಯೇಕ ಖಾತೆಗೆ ಬೀಳಬೇಕು. ಅವಧಿಗೆ 12 ವರ್ಷಗಳ ಮಿತಿಯೂ ಇರುವುದರಿಂದ ಕಡಿಮೆ ಹಾರುವ ಕ್ಲಬ್ಬಿಗೆ ಗಂಟೆಯ ಹಣ ಮಾತ್ರ ಸಾಲದು. ತುಕ್ಕಿನ ಖರ್ಚು ಎಲ್ಲರದು.

ಅಡೂರಿನ ಸದಸ್ಯರು: ನಮ್ಮ ತೋಟಕ್ಕೆ ಔಷಧಿ ಬಿಡುವ ಪಂಪು ಅದೇ ಬಂಕಿನ ಪೆಟ್ರೋಲಿನಲ್ಲಿ ಚೆನ್ನಾಗಿಯೇ ಓಡುತ್ತಿದೆ. ಎಥನಾಲಿನ ಭಯ ಸ್ವಲ್ಪ ಅತಿಯಾಯಿತು ಎನ್ನಿಸುತ್ತದೆ.

ಇಂಜಿನಿಯರ್: ಪಂಪು ನಿಂತರೆ ನೀವು ಅಡಿಕೆ ಮರದ ಬುಡದಲ್ಲಿರುತ್ತೀರಿ. ಉತ್ತರ ಮೇಲೆಯೇ ಇದೆ.

ಬೇಕಲದ ಸದಸ್ಯರು: ಪ್ರವಾಸಿಗರಿಂದ ಹಣ ಪಡೆದು ಕೋಟೆಯ ಮೇಲೆ ಹಾರಿಸಿದರೆ ಕ್ಲಬ್ಬಿನ ಖರ್ಚು ಹುಟ್ಟುವುದಿಲ್ಲವೇ? ಪೆರಿಯದಲ್ಲಿ ಓಡುದಾರಿ ಬಂದರೆ ಇನ್ನೂ ಅನುಕೂಲ. ಅದು ಯಾವಾಗ ಬರುತ್ತದೆ?

ಇಂಜಿನಿಯರ್: ಖಾಸಗಿ ವರ್ಗದ ವಿಮಾನದಲ್ಲಿ ಬಾಡಿಗೆ ಪಡೆಯುವಂತಿಲ್ಲ, ಖಾಸಗಿ ಲೈಸೆನ್ಸಿನ ಪೈಲಟ್ ಸಂಭಾವನೆ ಪಡೆಯುವಂತಿಲ್ಲ.

ಬದಿಯಡ್ಕದ ಮಾಷ್ಟ್ರು: ಇನ್ನೊಂದು ಸಂದೇಶ ಬಂದಿದೆ: «ಟ್ಯಾಂಕಿನಲ್ಲಿ ನೀರು ಸೇರಿದ್ದರೆ ಸ್ವಲ್ಪ ಸ್ಪಿರಿಟ್ ಬೆರೆಸಿದರೆ ಸಾಕು.»

ಇಂಜಿನಿಯರ್: ಸಾಕು ಮಾಡಿರಿ, ಮಾಷ್ಟ್ರೇ. ದಿನದ ಮೊದಲ ಹಾರಾಟಕ್ಕೆ ಮುನ್ನ ಮತ್ತು ಪ್ರತಿ ಸಲ ಇಂಧನ ತುಂಬಿದ ಮೇಲೆ, ಪ್ರತಿ ಡ್ರೇನಿನಿಂದಲೂ ಗಾಜಿನ ಲೋಟಕ್ಕೆ ಹಿಡಿದು ನೋಡಬೇಕು. ತಳದಲ್ಲಿ ನೀರು ನಿಂತಿದ್ದರೆ ಅದು ಪೂರ್ತಿ ಹೋಗುವವರೆಗೆ ತೆಗೆಯಬೇಕು, ಹೋಗದಿದ್ದರೆ ಹಾರಬಾರದು. ನೂರು ಸಲ ಹಂಚಿದ ಸಂದೇಶವೆಂದು ನೀರು ಪೆಟ್ರೋಲಾಗುವುದಿಲ್ಲ.

ಬದಿಯಡ್ಕದ ಮಾಷ್ಟ್ರು: ಹಿರಿಯರೊಡನೆ ಹೀಗೆ ಮಾತನಾಡುವ ಅಗತ್ಯವಿರಲಿಲ್ಲ.

ಪೆರ್ಲದ ಸದಸ್ಯರು: ನನ್ನ ವಿಮೆಯ ಪ್ರಶ್ನೆಯನ್ನು ಯಾರೂ ಗಮನಿಸಿಲ್ಲ.

ಮಂಜೇಶ್ವರದ ಸದಸ್ಯರು: ಅಣ್ಣಾ, ಇಂಜಿನಿಯರೊಬ್ಬರ ಮುಂದೆ ಫಿಲ್ಟರ್ ಕತ್ತರಿಸಿದೆವು. ಹೆಚ್ಚಿನ ಕಣಗಳು ಅಯಸ್ಕಾಂತಕ್ಕೆ ಅಂಟಿದವು. ಕೀಲಿ ನನ್ನ ಬಳಿಯೇ ಇದೆ.

ಕುಂಬಳೆಯ ಸದಸ್ಯರು: ಇನ್ನೊಂದು ಫಿಲ್ಟರ್ ಹಾಕಿ ಹತ್ತು ಗಂಟೆ ಹಾರಿಸಿ ನೋಡಬಹುದಲ್ಲ?

ಇಂಜಿನಿಯರ್: ಟೇಕಾಫಿನಲ್ಲಿ ಶಕ್ತಿ ಇಳಿದಿರುವ ಎಂಜಿನ್ನಿನಲ್ಲಿ ಯಾರನ್ನು ಕೂರಿಸಿ ನೋಡುತ್ತೀರಿ? ಮಂಜೇಶ್ವರದವರೇ, ಆ ಕಣಗಳನ್ನು ಡಬ್ಬಿಯಲ್ಲಿ ಹಾಕಿ ದಿನಾಂಕ ಬರೆದಿಡಿರಿ. ವಿಮಾನ ಹಾರಾಟಕ್ಕೆ ಯೋಗ್ಯವಲ್ಲವೆಂದು ಇಂದೇ ಲಾಗ್ ಪುಸ್ತಕದಲ್ಲಿ ದಾಖಲಾಗಲಿ. ಸಿಲಿಂಡರ್ ಬಿಚ್ಚಿ ಕ್ಯಾಮ್ ಲೋಬ್‌ಗಳನ್ನೂ ಟ್ಯಾಪೆಟ್ ಮುಖಗಳನ್ನೂ ಕಣ್ಣಾರೆ ನೋಡಬೇಕು. ಬಿಚ್ಚುವ ದಿನಾಂಕವನ್ನು ನನಗೆ ತಿಳಿಸಿರಿ.

ಮುಳ್ಳೇರಿಯದ ಸದಸ್ಯರು: ಭಾನುವಾರದ ಬುಕಿಂಗ್ ಹಣ ವಾಪಸು ಬರುತ್ತದೆಯೇ?

ಇಂಜಿನಿಯರ್: ಅದನ್ನು ನಿಮ್ಮ ಖಜಾಂಚಿಯನ್ನು ಕೇಳಿರಿ.