ಅಪ್‌ಡೇಟ್: ಶಾರ್ಟ್ ಆಗಿದ್ದ ಹಳೇ ಆರ್ಕೇಡ್ ಮಾನಿಟರ್‌ನಲ್ಲಿ ಚಿತ್ರ ಬಂತು

ಎಲ್ಲರಿಗೂ ನಮಸ್ಕಾರ. ನನ್ನ ಆರ್ಕೇಡ್ (ಕಾಸು ಹಾಕಿ ಆಡುವ ವಿಡಿಯೋ ಗೇಮ್) ಕ್ಯಾಬಿನೆಟ್ಟಿನ ಸಡಿಲ ಸ್ಕ್ರೂ ಬೋರ್ಡ್ ಮೇಲೆ ಬಿದ್ದು ಮಾನಿಟರ್ ಶಾರ್ಟ್ ಆಗಿದೆ, ಹೊಸ ಫ್ಯೂಸ್ ಹಾಕಿದಂತೆಲ್ಲ ಹಾರುತ್ತಿದೆ ಅಂತ ದಾವಣಗೆರೆಯಿಂದ ಕೇಳಿದ್ದೆನಲ್ಲ, ಅದು ಈಗ ಸರಿಹೋಗಿದೆ!

ದಾರಿ ತೋರಿಸಿದ್ದು, ಫ್ಯೂಸ್ ಜಾಗಕ್ಕೆ 100 ವ್ಯಾಟಿನ ಬುರುಡೆ ಬಲ್ಬ್ ಕಟ್ಟಿ ನೋಡಿ ಅಂದವರ ಸಲಹೆ. ಆನ್ ಮಾಡಿದರೆ ಬಲ್ಬ್ ಪೂರ್ತಿ ಉರಿಯಿತು, ಅಂದರೆ ಶಾರ್ಟ್ ಇನ್ನೂ ಇದೆ. ಚಿತ್ರದ ಗೆರೆಗಳನ್ನು ಅಡ್ಡಕ್ಕೆ ಎಳೆಯಿಸುವ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಚ್ಚಿದ ಮೇಲೆ ಬಲ್ಬ್ ಒಮ್ಮೆ ಝಗ್ ಅಂದು ಮಂಕಾಯಿತು. ಕಳ್ಳ ಅಲ್ಲೇ ಇದ್ದ. ಮೀಟರ್ ಹಿಡಿದರೆ ಅದರ ಕಲೆಕ್ಟರ್, ಎಮಿಟರ್ ಕಾಲುಗಳೆರಡೂ ಒಳಗೇ ಒಂದಾಗಿದ್ದವು.

ಡಿಗಾಸ್ ಥರ್ಮಿಸ್ಟರ್ (ಪಿಕ್ಚರ್ ಟ್ಯೂಬಿಗೆ ಅಂಟಿದ ಕಾಂತತ್ವ ತೆಗೆಯುವ ಸುರುಳಿಯ ಜೊತೆಗಿನ ಭಾಗ) ತೆಗೆದು ನೋಡಿದ್ದರಿಂದ ಏನೂ ಆಗಲಿಲ್ಲ. ಫ್ಲೈಬ್ಯಾಕ್ (ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಹೋಗಿರಬೇಕು ಅನ್ನುವ ಊಹೆಯೂ ತಪ್ಪಾಯಿತು, ಪುಣ್ಯ, ಅದು ಈಗ ಸಿಗುವುದೇ ಕಷ್ಟ.

ಹೊಸ ಟ್ರಾನ್ಸಿಸ್ಟರ್‌ನಲ್ಲೂ ಬೇಸ್, ಎಮಿಟರ್ ನಡುವೆ ಬರೀ ಹತ್ತಾರು ಓಮ್ ತೋರಿಸಿದಾಗ ಗಾಬರಿಯಾಯಿತು. ಮಂಡಿಪೇಟೆ ಕಡೆ ಹಳೇ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರು, "ಡ್ಯಾಂಪರ್ ಡಯೋಡ್ ಸೇರಿರೋ ಟ್ರಾನ್ಸಿಸ್ಟರಲ್ಲಿ ಬೇಸ್, ಎಮಿಟರ್ ಮಧ್ಯೆ ಒಳಗೇ ರೆಸಿಸ್ಟರ್ ಇರ್ತತಪ್ಪ, ಮಾಲು ಚೆನ್ನಾಗೈತಿ" ಅಂದರು. ಹಾಕುವ ಮುಂಚೆ, ಈ ಟ್ರಾನ್ಸಿಸ್ಟರಿಗೆ ಸಿಗ್ನಲ್ ಕೊಡುವ ಡ್ರೈವರ್ ಟ್ರಾನ್ಸ್‌ಫಾರ್ಮರ್ ಕಾಲುಗಳನ್ನು ಲೆನ್ಸಿನಲ್ಲಿ ನೋಡು ಅಂತಲೂ ಹೇಳಿದರು. ನೋಡಿದರೆ ಒಂದು ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು! ಅದನ್ನು ಬಿಟ್ಟಿದ್ದರೆ ಹೊಸದೂ ಸುಡುತ್ತಿತ್ತಂತೆ. ಬೆಸುಗೆ ಹಾಕಿ, ಹೀಟ್‌ಸಿಂಕಿಗೆ ಮೈಕಾ ಹಾಳೆ, ಪೇಸ್ಟ್ ಮರೆಯದೆ ಕೂರಿಸಿದೆ.

ಇದೇ ಕೆಲಸಕ್ಕೆ ಇಳಿಯುವವರು ಮೊದಲು ಪ್ಲಗ್ ಕಿತ್ತು, ಪಿಕ್ಚರ್ ಟ್ಯೂಬಿನ ಆನೋಡ್ (ಹೈ ವೋಲ್ಟೇಜ್ ಉಳಿದಿರುವ ಜಾಗ) ಡಿಸ್ಚಾರ್ಜ್ ಮಾಡಿಕೊಳ್ಳಿ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಬೋರ್ಡನ್ನು ಮನೆಯ ಕರೆಂಟ್ ಲೈನಿನಿಂದ ಬೇರ್ಪಡಿಸುವಂಥದ್ದು) ಇಲ್ಲದೆ ಇಂಥ ಬೋರ್ಡ್ ಆನ್ ಮಾಡಲೇಬೇಡಿ.